ಬಳೆಗಾರರ ಬಂಡೆ, ಜಟಾಯುವಿನ ಶಿಖರ

ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ಕನ್ನಡ ಭಾಷೆಯ ಪ್ರಾಚೀನತೆಯನ್ನು ಕುರಿತ ಪಾಠ ಬಂದಾಗಲೆಲ್ಲ ಕರಿಹಲಗೆಯ ಮೇಲೆ ‘ಇಸಿಲ’ ಎಂಬ ಮೂರು ಅಕ್ಷರಗಳನ್ನು ಬರೆದು, ಅದರ ಪಕ್ಕದಲ್ಲಿ ‘ಬ್ರಹ್ಮಗಿರಿ, ಕ್ರಿ.ಪೂ. 3ನೆಯ ಶತಮಾನ’ ಎಂದು ಸೇರಿಸುತ್ತಿದ್ದೆ. ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯ ದಿನ ನನಗೇ ಹಿಂದಿರುಗಿಸುತ್ತಿದ್ದರು. ಬ್ರಹ್ಮಗಿರಿಯನ್ನು ಅವರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಕೆಲಸದಲ್ಲಿದ್ದಾಗ ಪುರುಸೊತ್ತಾಗಲಿಲ್ಲವೆಂದು ಹೇಳಿ ಪಾರಾಗಬಹುದು. ನಿಜ ಹೇಳುವುದಾದರೆ, ಪುಸ್ತಕದಲ್ಲಿರುವುದು ಬೆಟ್ಟದ ಮೇಲೂ ಇದೆಯೆಂಬ ಮಾತು ನನ್ನ ಮನಸ್ಸಿಗೆ ತಟ್ಟಿರಲಿಲ್ಲ.

ಕಳೆದ ಕಾರ್ತಿಕ ಮಾಸದ ಕೊನೆಯಲ್ಲಿ ಆ ಬಾಕಿ ತೀರಿತು. ನಮ್ಮ ಊರಿನ ಸಾಹಿತ್ಯಾಸಕ್ತರು ಹದಿನಾಲ್ಕು ಮಂದಿ ಒಟ್ಟಾಗಿ ಒಂದು ಸಣ್ಣ ಬಸ್ಸು ಮಾಡಿಕೊಂಡು ಹೊರಟೆವು. ನಮ್ಮಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು, ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು, ಐದಾರು ಮಂದಿ ಕಾಲೇಜಿನ ಹುಡುಗ ಹುಡುಗಿಯರು, ಉಳಿದಂತೆ ನನ್ನಂಥ ನಡುಬಗ್ಗಿದವರು ಇದ್ದೆವು. ನನ್ನ ಮನೆಯವರೂ ಬಂದಿದ್ದರು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ಬೆಳಿಗ್ಗೆ ನೋಡಿ, ಅಲ್ಲಿಗೆ ಮೂರು ಮೈಲಿಯಷ್ಟು ದೂರದ ಜಟಿಂಗ ರಾಮೇಶ್ವರದ ಬೆಟ್ಟದ ಸಾಲನ್ನು ಹತ್ತುವುದು ನಮ್ಮ ಸಂಕಲ್ಪ. ಆ ಒಂದು ದಿನದ ನಡಿಗೆಯಲ್ಲಿ ಕಂಡುದನ್ನೂ ಕಾಣದೆ ಹೋದುದನ್ನೂ ಶ್ರೋತೃಗಳ ಮುಂದೆ ಇಡುವುದಷ್ಟೇ ಈ ಭಾಷಣದ ಉದ್ದೇಶ.

ಚಳ್ಳಕೆರೆ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಸೀಮೆ ಇದು. ಬಯಲಿನ ನಡುವೆ ಬೆಟ್ಟಗಳು ಇದ್ದಕ್ಕಿದ್ದಂತೆ ತಲೆಯೆತ್ತುತ್ತವೆ. ಅವು ಮಣ್ಣಿನ ಬೆಟ್ಟಗಳಲ್ಲ. ಗುಂಡಿನ ಮೇಲೆ ಗುಂಡು, ಅದರ ಮೇಲೊಂದು ಗುಂಡು, ಯಾರೋ ದೈತ್ಯರ ಮಕ್ಕಳು ಆಡಿ ಬಿಟ್ಟುಹೋದ ಹಾಗೆ. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂದರೆ ನಮ್ಮ ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ಕರಗಿದ ಶಿಲಾರಸ ನಿಧಾನವಾಗಿ ಆರಿ ಗಟ್ಟಿಯಾಗಿ ಆದ ಕಲ್ಲು ಇದು. ದಕ್ಷಿಣದಲ್ಲಿ ರಾಮನಗರದ ಕಡೆಯಿಂದ ಉತ್ತರಕ್ಕೆ ಮೊಳಕಾಲ್ಮೂರನ್ನು ದಾಟಿ ನೂರಾರು ಮೈಲಿ ಉದ್ದಕ್ಕೆ, ಅಗಲ ಕಡಿಮೆಯಾದ ಒಂದು ಪಟ್ಟಿಯಂತೆ ಹಾಯ್ದಿದೆ. ಮೇಲಿನ ನೆಲ ಸವೆದು ಕಲ್ಲು ಹೊರಬಂದಾಗ ಬಿಸಿಲು ಮಳೆಗಳು ಅದರ ಬಿರುಕುಗಳಲ್ಲಿ ಹೊಕ್ಕು, ಮೂಲೆಗಳನ್ನು ಉಜ್ಜಿ, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಡಿಸಿ ಗುಂಡುಗಳನ್ನು ಮಾಡಿದವು. ರಾಮನಗರ ಮತ್ತು ಮೊಳಕಾಲ್ಮೂರು ಒಂದೇ ಕಲ್ಲಿನ ಎರಡು ಊರುಗಳು ಎಂಬ ಈ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಭಾಷಣದ ಕೊನೆಯಲ್ಲಿ ಅದರ ಅಗತ್ಯ ಬೀಳುತ್ತದೆ.

ಬ್ರಹ್ಮಗಿರಿಯ ಬಂಡೆಯನ್ನು ಊರಿನವರು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಅದರ ಮೇಲಿನ ಗೀರುಗಳು ಅಕ್ಷರಗಳೆಂಬುದು ಅವರಿಗೆ ಗೊತ್ತಿತ್ತು. ಏನು ಬರೆದಿದೆಯೆಂಬುದು ಗೊತ್ತಿರಲಿಲ್ಲ. ಕಲ್ಲಿಗೆ ಔಷಧಿಯ ಗುಣವಿದೆಯೆಂಬ ನಂಬಿಕೆಯೂ ಇತ್ತು. 1892ರಲ್ಲಿ ಮೈಸೂರು ಸಂಸ್ಥಾನದ ಬಿ. ಎಲ್. ರೈಸ್ ಅವರು ಇದನ್ನೂ, ಒಂದು ಮೈಲಿಯಷ್ಟು ದೂರದ ಸಿದ್ದಾಪುರದ ಬಂಡೆಯನ್ನೂ, ಜಟಿಂಗ ರಾಮೇಶ್ವರದ ಬಂಡೆಯನ್ನೂ ಗುರುತಿಸಿ ಲೋಕಕ್ಕೆ ತಿಳಿಸಿದರು. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯಲ್ಲಿ ಕುಳಿತು ಅಶೋಕನ ಬ್ರಾಹ್ಮೀ ಲಿಪಿಯ ಒಗಟನ್ನು ಬಿಡಿಸಿದ್ದೂ ಅದೇ 1837ರಲ್ಲಿಯೇ. ಬೀಗದ ಕೈ ಸಿದ್ಧವಾದ ವರ್ಷ ನಮ್ಮ ಬಾಗಿಲು ತೆಗೆಯುವವನೂ ಹುಟ್ಟಿದ ಎನ್ನಬಹುದು.

ಹದಿಮೂರು ಸಾಲುಗಳ ಆ ಬರೆಹದ ಮುಂದೆ ನಮ್ಮ ಗುಂಪು ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು. ಒಬ್ಬ ಹುಡುಗಿ, ‘ಸರ್, ಇದರಲ್ಲಿ ನಮ್ಮ ಅಕ್ಷರ ಯಾವುದಾದರೂ ಇದೆಯೆ?’ ಎಂದು ಕೇಳಿದಳು. ಇರುವುದೆಲ್ಲ ನಮ್ಮ ಅಕ್ಷರವೇ ಎಂದೆ. ಕೂಡಿಸುವ ಗುರುತಿನಂತೆ ಇರುವುದು ಕಕಾರ. ತಲೆಕೆಳಗಾದ ಬಟ್ಟಲಿನಂತೆ, ಮನೆಯ ಮಾಡಿನಂತೆ ಇಳಿದಿರುವುದು ಗಕಾರ. ಠಕಾರ ಅಂದು ಒಂದು ಸೊನ್ನೆ. ಇಂದಿನ ನಮ್ಮ ಠ ಕೂಡ ಆ ಸೊನ್ನೆಯನ್ನು ಬಿಟ್ಟುಕೊಟ್ಟಿಲ್ಲ. ಈ ಗೀರುಗಳೇ ಕದಂಬರ ಕಾಲಕ್ಕೆ ತಲೆಕಟ್ಟು ಕಟ್ಟಿಕೊಂಡು, ಚಾಲುಕ್ಯ ರಾಷ್ಟ್ರಕೂಟರ ಕಾಲಕ್ಕೆ ದುಂಡಾಗಿ, ನಾವು ಇಂದು ಬರೆಯುವ ಕನ್ನಡ ಅಕ್ಷರಗಳಾದವು.

ಬರೆಹದ ಭಾಷೆ ಪ್ರಾಕೃತ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಮೊದಲು ಕುಶಲ ಕೇಳಿ, ಬಳಿಕ ದೇವಾನಾಂಪ್ರಿಯನ ಮಾತನ್ನು ತಿಳಿಸುತ್ತಾರೆ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು. ಮೊದಲ ಒಂದು ವರ್ಷ ತನ್ನ ಪ್ರಯತ್ನ ಸಾಲದಾಗಿತ್ತು. ಈಚೆಗೆ ಒಂದು ವರ್ಷದಿಂದ ಶ್ರಮಿಸುತ್ತಿರುವೆನೆಂದು ಚಕ್ರವರ್ತಿ ಒಪ್ಪಿಕೊಳ್ಳುತ್ತಾನೆ. ಈ ಶ್ರಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಪಡೆಯಬಹುದು ಎನ್ನುತ್ತಾನೆ. ಅನಂತರ ಬರುವುದು ಧರ್ಮದ ಸಾರ. ತಾಯಿತಂದೆಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಸ್ಥಿರವಾಗಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆಯಬೇಕು. ಇದು ಹಿಂದಿನಿಂದ ಬಂದ ರೀತಿ ಎಂದು ಮಾತು ಮುಗಿಯುತ್ತದೆ. ಶಾಸನದಲ್ಲಿ ಅಶೋಕ ಎಂಬ ಹೆಸರಿಲ್ಲ. ದೇವಾನಾಂಪ್ರಿಯನೇ ಅಶೋಕನೆಂಬುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ಅದೂ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.

ಕಡೆಯಲ್ಲಿ ಇದನ್ನು ಬರೆದವನ ಹೆಸರಿದೆ: ಚಪಡ. ಅವನು ತನ್ನನ್ನು ಲಿಪಿಕಾರನೆಂದು ಹೇಳಿಕೊಳ್ಳುವಾಗ ಆ ಒಂದು ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ, ವಾಯವ್ಯ ದೇಶದ ಲಿಪಿ. ಚಪಡ ಆ ಸೀಮೆಯವನಿರಬೇಕೆಂದು, ಇಲ್ಲವೆ ಅಲ್ಲಿ ಕೆಲಸ ಮಾಡಿ ಬಂದವನಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ‘ವರ್ಗವಾಗಿ ಬಂದ ಗುಮಾಸ್ತ’ ಎಂದರು ನಮ್ಮ ಅಂಚೆಯ ಹಿರಿಯರು. ಅವರು ಸೇವೆಯಲ್ಲಿದ್ದಾಗ ಹನ್ನೊಂದು ಸಲ ವರ್ಗವಾದವರು. ಊರು ಬಿಟ್ಟು ಬಂದವನಿಗೆ ತನ್ನ ಕಡೆಯ ಅಕ್ಷರ ಒಂದು ಸಲ ಬರೆಯೋಣವೆನ್ನಿಸುವುದು ಸಹಜ ಎಂದು ಅವರು ಹೇಳಿದಾಗ, ನಾನು ಓದಿದ ಯಾವ ಗ್ರಂಥದಲ್ಲೂ ಚಪಡನಿಗೆ ಅಷ್ಟು ಹತ್ತಿರದ ಮಾತು ಕಂಡಿರಲಿಲ್ಲ ಎನ್ನಿಸಿತು.

ಇನ್ನು ‘ಇಸಿಲ’. ಇದು ಕನ್ನಡದ ‘ಇಸು’, ಅಂದರೆ ಬಾಣ ಬಿಡು, ಎಂಬ ಧಾತುವಿಗೆ ಸಂಬಂಧಿಸಿದ ಪದವೆಂದು ಡಿ. ಎಲ್. ನರಸಿಂಹಾಚಾರ್ಯರು ಅಭಿಪ್ರಾಯಪಟ್ಟಿದ್ದರು. ಅದನ್ನು ಒಪ್ಪಿದರೆ, ಸುಮಾರು 450ರ ಹಲ್ಮಿಡಿ ಶಾಸನಕ್ಕಿಂತ, ಈಚಿನ ವರ್ಷಗಳಲ್ಲಿ ಅದಕ್ಕೂ ಹಿಂದಿನದೆಂದು ವಾದಿಸಲಾಗುತ್ತಿರುವ ತಾಳಗುಂದದ ಸಿಂಹಕಟಾಂಜನ ಶಾಸನಕ್ಕಿಂತ, ಆರೇಳು ಶತಮಾನ ಮೊದಲೇ ಒಂದು ಕನ್ನಡ ಮಾತು ಬರೆಹಕ್ಕೆ ಇಳಿಯಿತು. ಅದೂ ಪರಸ್ಥಳದ ಒಬ್ಬ ಲಿಪಿಕಾರನ ಕೈಯಲ್ಲಿ, ಬೇರೆ ಭಾಷೆಯ ಒಂದು ಪತ್ರದ ವಿಳಾಸವಾಗಿ.

ಆ ಇಸಿಲ ಬರಿಯ ಹೆಸರಲ್ಲವೆಂಬುದು ಅಗೆತದಿಂದ ತಿಳಿಯಿತು. 1940ರ ದಶಕದ ಆರಂಭದಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಬ್ರಹ್ಮಗಿರಿಯ ತಪ್ಪಲನ್ನು ಅಗೆಸಿದರು. ಅಲ್ಲಿ ಮೂರು ಬಗೆಯ ಬದುಕು ಒಂದರ ಮೇಲೊಂದು ಕಂಡವು. ಕೆಳಗೆ ನಯಗೊಳಿಸಿದ ಕಲ್ಗೊಡಲಿಗಳ ಜನ; ಕೈಯಲ್ಲಿ ಮಾಡಿದ ಮಡಕೆಗಳು; ತೀರಿಕೊಂಡ ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದ ಪದ್ಧತಿ. ಅದರ ಮೇಲೆ ಕಬ್ಬಿಣ ಬಲ್ಲವರು. ಸುತ್ತ ವರ್ತುಲವಾಗಿ ಕಲ್ಲು ನಿಲ್ಲಿಸಿ, ನಡುವೆ ಚಪ್ಪಡಿಗಳ ಪೆಟ್ಟಿಗೆ ಮಾಡಿ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದು ಸತ್ತವರನ್ನು ಇಟ್ಟವರು. ಅದರ ಮೇಲೆ, ಚಕ್ರದ ಮೇಲೆ ಮಾಡಿದ ಚೆಲುವಾದ ಮಡಕೆಗಳ, ಶಾತವಾಹನರ ಕಾಲದ ಪಟ್ಟಣ. ಮೊದಲ ಪದರಕ್ಕೆ ವ್ಹೀಲರ್ ಕೊಟ್ಟ ಕಾಲ ಈಚಿನದಾಯಿತೆಂದೂ, ಕರ್ನಾಟಕದ ಕಲ್ಗೊಡಲಿಯ ಜನ ಕ್ರಿ.ಪೂ. 3ನೆಯ ಸಹಸ್ರಮಾನದಲ್ಲಿಯೇ ದನ ಸಾಕುತ್ತ ನೆಲೆಸಿದ್ದರೆಂದೂ ಮುಂದಿನ ಸಂಶೋಧನೆ ತಿಳಿಸಿದೆ. ಇಂಥ ಕಲ್ಲಿನ ಗೋರಿಗಳನ್ನು ನಮ್ಮ ನಾಡಿನ ಹಲವು ಕಡೆ ‘ಮೋರ್ಯರ ಮನೆ’ ಎನ್ನುತ್ತಾರೆ; ಮೋರ್ಯರೆಂದರೆ ಕುಳ್ಳರಾದ ಹಿಂದಿನ ಜನ ಎಂದು ಕಥೆ. ಮೌರ್ಯರ ನೆನಪು ಹೀಗೆ ಕುಳ್ಳಾಗಿ ಉಳಿಯಿತೋ, ಅಥವಾ ಹೆಸರಿನ ಹೋಲಿಕೆ ಆಕಸ್ಮಿಕವೋ, ಹೇಳುವುದು ಕಷ್ಟ.

ಅಕ್ಷರಗುಂಡಿನಿಂದ ಇಳಿಯುವಾಗ ಒಬ್ಬ ಹುಡುಗ ನನ್ನ ಪಕ್ಕಕ್ಕೆ ಬಂದು, ‘ಸರ್, ದನ ಕಾಯುವವರ ಊರಿಗೆ ಪ್ರಾಕೃತದಲ್ಲಿ ಬರೆದರೆ ಓದಿದವರು ಯಾರು?’ ಎಂದು ಕೇಳಿದ. ಮೂವತ್ತೆರಡು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಕೇಳುವಂತೆ ನಾನು ಪಾಠ ಹೇಳಿರಲಿಲ್ಲವೆಂಬುದೇ ಸರಿ. ಉತ್ತರ ಬ್ರಹ್ಮಗಿರಿಯಲ್ಲಿಲ್ಲ, ನೆರೆಯಲ್ಲಿದೆ. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ, 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದ ಬಳ್ಳಾರಿ ಜಿಲ್ಲೆಯ ನಿಟ್ಟೂರು ಉದೇಗೊಳಗಳಲ್ಲಿಯೂ ಇದೇ ಶಾಸನ ಇನ್ನಷ್ಟು ವಿಸ್ತಾರವಾಗಿದೆ. ರಾಜುಕನೆಂಬ ಅಧಿಕಾರಿ ಭೇರಿ ಹೊಡೆಸಿ ಹಳ್ಳಿಗಾಡಿನ ಜನರಿಗೆ ಇದನ್ನು ಸಾರಬೇಕು. ಆನೆಯ ಸವಾರರೂ ಕರಣಿಕರೂ ರಥಶಿಕ್ಷಕರೂ ಬ್ರಾಹ್ಮಣರೂ ತಮ್ಮ ತಮ್ಮ ಶಿಷ್ಯರಿಗೆ ಇದನ್ನು ತಿಳಿಸಬೇಕು ಎಂಬ ಆಜ್ಞೆ ಅಲ್ಲಿದೆ. ಅಂದಮೇಲೆ ಇದು ಕಣ್ಣಿನ ಬರೆಹವಲ್ಲ, ಕಿವಿಯ ಬರೆಹ. ಭೇರಿ ನಿಂತ ಮೇಲೆ ಯಾರೋ ಒಬ್ಬನು ಇಸಿಲದ ಜನಕ್ಕೆ ಅವರ ನುಡಿಯಲ್ಲಿಯೇ ಇದರ ಅರ್ಥ ಹೇಳಿರಲೇಬೇಕು. ಆ ಅನಾಮಧೇಯ ಭಾಷಣಕಾರನ ಹೆಸರು ಕಲ್ಲಿನ ಮೇಲಿಲ್ಲ. ಆಕಾಶವಾಣಿಯ ಮುಂದೆ ಕುಳಿತು ಮಾತನಾಡುವ ನನ್ನಂಥವರು ಅವನ ದೂರದ ವಂಶದವರೆಂದು ಹೇಳಿಕೊಳ್ಳಬಹುದೇನೋ.

ಮಧ್ಯಾಹ್ನಕ್ಕೆ ಮುಂಚೆ ಜಟಿಂಗ ರಾಮೇಶ್ವರದ ಬುಡ ಸೇರಿದೆವು. ಇದು ಒಂಟಿ ಗುಡ್ಡವಲ್ಲ. ಉದ್ದನೆಯ, ಕಿರಿದಾದ, ಕಲ್ಲುಕಲ್ಲಾದ ಬೆಟ್ಟದ ಏಣು. ಎತ್ತರ ಸಮುದ್ರಮಟ್ಟದಿಂದ 3,469 ಅಡಿ. ಏಣಿನ ಮೇಲೆ ಎರಡು ಶಿಖರಗಳು: ಒಂದರಲ್ಲಿ ರಾಮೇಶ್ವರನ ಗುಡಿ, ಇನ್ನೊಂದು ಜಟಾಯುವಿನದು. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ಮುದಿ ಹಕ್ಕಿ ತಡೆದು ರೆಕ್ಕೆ ಕತ್ತರಿಸಿಕೊಂಡು ಬಿದ್ದದ್ದು ಇಲ್ಲಿ ಎಂಬುದು ಐತಿಹ್ಯ. ಲೇಪಾಕ್ಷಿಯವರೂ ಹಾಗೆಯೇ ಹೇಳುತ್ತಾರೆ, ಕೇರಳದವರೂ ಒಂದು ಬಂಡೆಯನ್ನು ತೋರಿಸುತ್ತಾರೆ. ಅಷ್ಟು ದೊಡ್ಡ ಹಕ್ಕಿಗೆ ಬೀಳಲು ಒಂದೇ ಬೆಟ್ಟ ಸಾಲದಿದ್ದರೆ ಆಶ್ಚರ್ಯವೇನು?

ಮೆಟ್ಟಿಲುಗಳ ಇಕ್ಕೆಲದಲ್ಲಿ ಕಾರೆ, ಕವಳೆ, ಬಂದರಿಕೆ, ಕಲ್ಲಿನ ಸಂದಿಯಲ್ಲಿ ಪಾಪಾಸುಕಳ್ಳಿ, ಎಲ್ಲೆಲ್ಲಿಯೂ ಸೀತಾಫಲ. ಹುಡುಗರು ಕೊಂಬೆಯಲ್ಲಿ ಉಳಿದ ಒಂದೆರಡು ಹಣ್ಣುಗಳನ್ನು ಕಿತ್ತು ಹಂಚಿದರು. ಜಟಾಯುವಿನ ಬೆಟ್ಟದಲ್ಲಿ ಸೀತೆಯ ಹಣ್ಣು ಎಂದು ನಾನು ರಸಿಕತೆ ತೋರಲು ಹೋದಾಗ ಸಸ್ಯಶಾಸ್ತ್ರದ ಮಿತ್ರರು ತಡೆದರು. ಸೀತಾಫಲವೂ ಪಾಪಾಸುಕಳ್ಳಿಯೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಬಂದವೆಂದು ಸಸ್ಯಶಾಸ್ತ್ರದ ಸಾಮಾನ್ಯ ಅಭಿಪ್ರಾಯ. ಅಶೋಕನೂ ತಿಂದಿಲ್ಲ, ಸೀತೆಯೂ ತಿಂದಿಲ್ಲ. ಆದರೆ ನಮ್ಮ ಜನ ಬಂದ ಗಿಡವನ್ನು ಹೊರಗೆ ನಿಲ್ಲಿಸಲಿಲ್ಲ, ಮನೆಮಗಳ ಹೆಸರಿಟ್ಟು ಒಳಗೆ ಕರೆದುಕೊಂಡರು. ಸ್ವಲ್ಪ ಮೇಲೆ ಅವರು ಕೈಸನ್ನೆಯಿಂದ ನಮ್ಮನ್ನು ನಿಲ್ಲಿಸಿ, ಕೊರಳೂ ತಲೆಯೂ ಹಳದಿಯಾದ ಒಂದು ಪಿಕಳಾರವನ್ನು ತೋರಿಸಿದರು. ದಕ್ಷಿಣ ಭಾರತದ ಇಂಥ ಬಂಡೆಗುಡ್ಡಗಳನ್ನು ಬಿಟ್ಟು ಬೇರೆಲ್ಲಿಯೂ ಕಾಣದ ಹಕ್ಕಿಯಂತೆ ಅದು. ಕಲ್ಲು ಒಡೆದು ಗುಡ್ಡ ಹೋದರೆ ಅದಕ್ಕೆ ಇನ್ನೊಂದು ಮನೆಯಿಲ್ಲ.

ಗುಡಿಯ ಬಳಿ, ಮೆಟ್ಟಿಲುಗಳ ಪಕ್ಕದಲ್ಲಿ, ಓರೆಯಾಗಿ ಮಲಗಿದ ಏರುಪೇರಿನ ಬಂಡೆಯೊಂದಿದೆ. ಅಶೋಕನ ಮೂರನೆಯ ಪ್ರತಿ ಅದರ ಮೇಲಿದೆ. ಇದೆಯೆನ್ನುವುದಕ್ಕಿಂತ ಇತ್ತು ಎನ್ನಬೇಕು. ಅಲ್ಲೊಂದು ಇಲ್ಲೊಂದು ತುಣುಕು ಮಾತ್ರ ಓದಲು ಬರುತ್ತದೆ. ಬೆಟ್ಟದ ಕೆಳಗಿನಿಂದ ನಮ್ಮ ಜೊತೆಗೆ ಬಂದಿದ್ದ, ಕುರಿ ಕಾಯುವ ಹಿರಿಯನೊಬ್ಬ ಬಂಡೆಯನ್ನು ಕೋಲಿನಿಂದ ತೋರಿಸಿ, ‘ಬಳೆಗಾರ್ರ ಗುಂಡು ಕಣ್ ಸ್ವಾಮಿ ಇದು’ ಎಂದ. ರೈಸ್ ಅವರ ಕಾಲದಲ್ಲಿಯೂ ಅದಕ್ಕೆ ಅದೇ ಹೆಸರು. ವರ್ಷವರ್ಷವೂ ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹಾಕುತ್ತಿದ್ದುದು ಆ ಬಂಡೆಯ ಮೇಲೆ. ಶತಮಾನಗಳ ಕಾಲ ಅಲ್ಲಿ ಮಲಾರ ಬಿಚ್ಚಿ, ಕುಳಿತು, ಎದ್ದು, ಓಡಾಡಿ ಅಕ್ಷರಗಳು ಸವೆದವು.

ನನಗೆ ಸಂಕಟವಾಯಿತು. ಮೌರ್ಯ ಚಕ್ರವರ್ತಿಯ ಮಾತಿನ ಮೇಲೆ ಬಳೆ ಅಂಗಡಿ ಹಾಕಿದರಲ್ಲ ಎಂದು ಸ್ವಲ್ಪ ಬಿರುಸಾಗಿಯೇ ಅಂದೆ. ನನ್ನ ಮನೆಯವರು ಮೆಟ್ಟಿಲ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಿದ್ದರು. ಅವರು ಹೇಳಿದರು: ‘ಬಳೆಗಾರನನ್ನು ಯಾಕೆ ಬೈಯುತ್ತೀರಿ? ಈ ಸೀಮೆಯ ಹೆಣ್ಣುಮಕ್ಕಳು ವರ್ಷಕ್ಕೊಂದು ದಿನ ಇಷ್ಟೆತ್ತರ ಹತ್ತಿ ಬಂದು ಇಲ್ಲಿ ಕೈನೀಡಿ ಕುಳಿತಿರುತ್ತಾರೆ. ನಿಮ್ಮ ಚಕ್ರವರ್ತಿ ನೋಡಿದ್ದರೆ ಬೇಡ ಅನ್ನುತ್ತಿದ್ದನೆ?’ ನನ್ನಲ್ಲಿ ಉತ್ತರವಿರಲಿಲ್ಲ. ಬಳೆಗಾರರು ಅಕ್ಷರವನ್ನು ತುಳಿದವರಲ್ಲ. ಅದು ಅಕ್ಷರವೆಂದು ಅವರಿಗೆ ಹೇಳುವವರೇ ಇರಲಿಲ್ಲ. ಬ್ರಾಹ್ಮಿಯನ್ನು ಓದುವುದನ್ನು ಪಂಡಿತರೇ ಮರೆತ ನಾಡಿನಲ್ಲಿ ಬಳೆಗಾರನ ಮೇಲೆ ಹೊರೆ ಹೊರಿಸುವುದು ನ್ಯಾಯವಲ್ಲ. ಈ ಬೆಟ್ಟದಲ್ಲಿಯೇ 11ನೆಯ ಶತಮಾನದ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಅವನ್ನು ಬರೆಸಿದವರೂ ಕೆತ್ತಿದವರೂ ಅಕ್ಷರ ಬಲ್ಲವರು. ಅವರಿಗೂ ಪಕ್ಕದ ಬಂಡೆಯ ಮಾತು ಬರಿಯ ಗೀರಾಗಿಯೇ ಕಂಡಿರಬೇಕು. ಓದುವವರು ಇಲ್ಲವಾದ ದಿನವೇ ಬರೆಹ ಸವೆಯಲು ತೊಡಗುತ್ತದೆ. ಕಾಲು ಆಮೇಲೆ ಬರುತ್ತದೆ.

ಇಷ್ಟಾದರೂ ಬೆಟ್ಟ ಎಲ್ಲವನ್ನೂ ಮರೆಯಲಿಲ್ಲವಲ್ಲ ಎಂಬ ಸಮಾಧಾನದಿಂದ ಜಟಾಯುವಿನ ಶಿಖರದ ಕಡೆಗೆ ಹೊರಟೆವು. ಅಕ್ಷರ ಹೋದರೂ ಕಥೆ ಉಳಿದಿತ್ತು. ಬಂಡೆಗಳ ನಡುವೆ ನಡೆಯುವಾಗ ಆ ಹಿರಿಯ ರಾಮ ಬಂದದ್ದನ್ನು, ಹಕ್ಕಿಯನ್ನು ಮಡಿಲಲ್ಲಿಟ್ಟುಕೊಂಡದ್ದನ್ನು, ಹೆತ್ತ ತಂದೆಗೆ ಮಾಡುವಂತೆ ಅದಕ್ಕೆ ಸಂಸ್ಕಾರ ಮಾಡಿದ್ದನ್ನು ನಿನ್ನೆ ಮೊನ್ನೆ ನಡೆದುದೆಂಬಂತೆ ಹೇಳಿದ. ತುದಿಯಲ್ಲಿ ನಿಂತಾಗ ಸುತ್ತ ಬಯಲು, ಚಿನ್ನ ಹಗರಿಯ ಮರಳಿನ ಗೆರೆ, ಬಿಡಿಬಿಡಿಯಾಗಿ ಗುಡ್ಡಗಳು. ನಮ್ಮ ಗುಂಪಿನ ಹುಡುಗಿ ದುರ್ಬೀನು ಹಿಡಿದು ಆಕಾಶವನ್ನೆಲ್ಲ ಹುಡುಕಿ, ‘ಅಜ್ಜಾ, ಇಲ್ಲಿ ರಣಹದ್ದು ಇಲ್ಲವೆ?’ ಎಂದಳು.

‘ಇದ್ದವು ತಾಯಿ. ನಾನು ಚಿಕ್ಕೋನಾಗಿದ್ದಾಗ ದನ ಸತ್ತರೆ ಊರಾಚೆ ಎಳೆದು ಹಾಕ್ತಿದ್ವಿ. ಹೊತ್ತು ನೆತ್ತಿಗೆ ಬರೋದ್ರೊಳಗೆ ಇಳಿಯೋವು. ಸಂಜೆಗೆ ಬರೀ ಮೂಳೆ. ಈಗ ಬರೋದು ನಾಯಿಗಳು.’

ಮಿಕ್ಕದ್ದನ್ನು ಸಸ್ಯಶಾಸ್ತ್ರದ ಮಿತ್ರರು ಹೇಳಿದರು. 1990ರ ದಶಕದಲ್ಲಿ ನಮ್ಮ ದೇಶದ ರಣಹದ್ದುಗಳು ಕಾಯಿಲೆ ಬಿದ್ದಂತೆ ಕತ್ತು ಜೋಲಿಸಿ ಕುಳಿತು ಸಾಯತೊಡಗಿದವು. ಹಿಂದೆ ಹಿಂಡುಹಿಂಡಾಗಿ ಇದ್ದ ಜಾತಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹದಿನೈದು ವರ್ಷಗಳೊಳಗೆ ಇಲ್ಲವಾದವು. ಕಾರಣ ತಿಳಿದದ್ದು 2004ರಲ್ಲಿ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧಿ. ಆ ಔಷಧಿ ಮೈಯಲ್ಲಿರುವಾಗ ದನ ಸತ್ತು, ಅದನ್ನು ರಣಹದ್ದು ತಿಂದರೆ, ಹಕ್ಕಿಯ ಮೂತ್ರಪಿಂಡಗಳು ಕೆಡುತ್ತವೆ. ಭಾರತದಲ್ಲಿ ದನಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಹಕ್ಕಿಗಳಿಗೆ ಮಾರಕವಾದ ಇನ್ನೆರಡು ಔಷಧಿಗಳನ್ನು 2023ರಲ್ಲಿ. ಯಾರೂ ರಣಹದ್ದನ್ನು ಕೊಲ್ಲಬೇಕೆಂದು ಕೊಲ್ಲಲಿಲ್ಲ. ನೋಯುತ್ತಿದ್ದ ದನದ ಮೇಲಿನ ಕರುಣೆಯಿಂದಲೇ ಅದು ಸತ್ತಿತು. ಬಳೆಗಾರನಿಗೆ ಅಕ್ಷರದ ಮೇಲೆ ದ್ವೇಷವಿರಲಿಲ್ಲ. ನಮಗೂ ಹಕ್ಕಿಯ ಮೇಲೆ ದ್ವೇಷವಿರಲಿಲ್ಲ. ತಿಳಿವಳಿಕೆಯಿಲ್ಲದ ಕಡೆ ಒಳ್ಳೆಯ ಮನಸ್ಸೂ ಸವೆಸುತ್ತದೆ, ಕೊಲ್ಲುತ್ತದೆ.

ಭಾಷಣದ ಆರಂಭದಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕೆಂದು ಕೋರಿದ್ದೆ. ಮೊಳಕಾಲ್ಮೂರಿನ ಈ ಕಲ್ಲಿನ ಪಟ್ಟಿಯೇ ದಕ್ಷಿಣಕ್ಕೆ ಹಾಯ್ದು ರಾಮನಗರವನ್ನು ಸೇರುತ್ತದೆ. ಅಲ್ಲಿಯ ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಬೆರಳೆಣಿಕೆಯಷ್ಟಾದರೂ ಗೂಡು ಕಟ್ಟುತ್ತಿದ್ದುದರಿಂದ, 2012ರಲ್ಲಿ ಅದನ್ನು ರಣಹದ್ದುಗಳ ಧಾಮವೆಂದು ಸಾರಿದರು. ಕಲ್ಲು ಒಂದೇ. ಅದರ ದಕ್ಷಿಣದ ಕಡೆ ರಾಮನ ಹೆಸರಿನ ಬೆಟ್ಟ, ಉಳಿದ ಕೆಲವೇ ಹಕ್ಕಿಗಳಿಗೆ ಕಾವಲು. ಉತ್ತರದ ಕಡೆ ಜಟಾಯುವಿನ ಹೆಸರಿನ ಬೆಟ್ಟ, ಬರಿಯ ಹೆಸರಿಗೆ ಗುಡಿ. ಒಂದು ಕಾಲದಲ್ಲಿ ಈ ಏಣಿನ ಮೇಲೆ ಹಕ್ಕಿಯಿತ್ತು, ಕಥೆಯಿತ್ತು, ಬರೆಹವಿತ್ತು, ಓದುವವರಿರಲಿಲ್ಲ. ಈಗ ಬರೆಹವನ್ನು ಓದಬಲ್ಲೆವು. ಓದುವ ಹೊತ್ತಿಗೆ ಅದರಲ್ಲಿ ಹೇಳಿದ ಪ್ರಾಣಿದಯೆಗೆ ಪಾತ್ರವಾಗಬೇಕಾದ ಹಕ್ಕಿ ನೆತ್ತಿಯ ಮೇಲಿಲ್ಲ. ನಮ್ಮ ಮುಂದಿನವರು ‘ಜಟಾಯು’ ಎಂಬ ಪದವನ್ನು ನಾನು ‘ಇಸಿಲ’ ಎಂಬ ಪದವನ್ನು ಬರೆದಂತೆ ಕರಿಹಲಗೆಯ ಮೇಲೆ ಬರೆದು, ವಸ್ತುವನ್ನು ಕಾಣದೆಯೇ ಪಾಠ ಹೇಳಿ ಮುಗಿಸಬಾರದು. ಆ ಶಿಖರದ ಮೇಲೆ ನನಗೆ ಹತ್ತಿದ ಭಯ ಇದೊಂದೇ.

ಇಳಿಯುವಾಗ ಬಳೆಗಾರರ ಗುಂಡಿನ ಬಳಿ ಮತ್ತೆ ನಿಂತೆವು. ಕುರಿ ಕಾಯುವ ಹಿರಿಯ, ‘ಅದೇನೋ ಬರೆದೈತೆ ಅಂತೀರಲ್ಲ ಮೇಷ್ಟ್ರೆ, ಏನಂತ ಬರೆದೈತೆ?’ ಎಂದು ಕೇಳಿದ. ಎಷ್ಟೋ ವರ್ಷ ಇದನ್ನು ವಿದ್ಯಾರ್ಥಿಗಳಿಗೆ ಟಿಪ್ಪಣಿಯಾಗಿ ಬರೆಸಿದ್ದೆ. ಇದು ಯಾರ ಊರಿಗೆ ಬಂದ ಪತ್ರವೋ ಆ ಊರಿನವನಿಗೆ ಹೇಳಿದ್ದು ಅದೇ ಮೊದಲು. ತಾಯಿತಂದೆ ಮಾತು ಕೇಳು, ಜೀವದ ಮೇಲೆ ದಯೆ ಇಡು, ನಿಜ ಹೇಳು, ಗುರುವಿಗೆ ಮರ್ಯಾದೆ ಕೊಡು, ನೆಂಟರ ಜೊತೆ ಚೆನ್ನಾಗಿರು, ಸಣ್ಣವನಾದರೂ ಪ್ರಯತ್ನ ಮಾಡಿದರೆ ಮೇಲೆ ಬರಬಹುದು ಎಂದು ಬರೆದಿದೆ ಎಂದೆ.

ಅವನು ಸ್ವಲ್ಪ ಹೊತ್ತು ಬಂಡೆಯನ್ನೇ ನೋಡಿದ. ‘ಇದನ್ನ ನಮ್ಮಪ್ಪನೂ ಹೇಳ್ತಿದ್ದ ಬಿಡಿ’ ಎಂದ.

ಹಿಂದಿನಿಂದ ಬಂದ ರೀತಿ ಇದು ಎಂದು ಶಾಸನ ಹೇಳುವುದೂ ಅದನ್ನೇ. ಚಪಡ ಕಲ್ಲಿನ ಮೇಲೆ ಬರೆದದ್ದು ಸವೆಯಿತು. ಭೇರಿಯ ಪಕ್ಕದಲ್ಲಿ ನಿಂತು ಆ ದಿನ ಇಸಿಲದ ಜನಕ್ಕೆ ತಿಳಿಯುವ ಮಾತಿನಲ್ಲಿ ಹೇಳಿದವನ ಮಾತು, ಅಥವಾ ಅವನಿಗೂ ಮೊದಲೇ ಇಲ್ಲಿದ್ದ ಮಾತು, ಕುರಿ ಕಾಯುವವನ ಮನೆಯಲ್ಲಿ ಇನ್ನೂ ನಡೆಯುತ್ತಿದೆ. ಹಕ್ಕಿಯ ವಿಷಯದಲ್ಲಿ ಮಾತ್ರ ಹೀಗೆ ಹೇಳಿ ಸಮಾಧಾನಪಡುವಂತಿಲ್ಲ. ಸವೆದ ಅಕ್ಷರವನ್ನು ಪಕ್ಕದ ಬಂಡೆಯಿಂದ ತುಂಬಿಕೊಳ್ಳಬಹುದು. ಜಟಿಂಗ ರಾಮೇಶ್ವರದಲ್ಲಿ ಹೋದದ್ದು ಬ್ರಹ್ಮಗಿರಿಯಲ್ಲಿ ಸಿಗುತ್ತದೆ. ಕೊನೆಯ ರಣಹದ್ದು ಹೋದರೆ ಅದರ ಇನ್ನೊಂದು ಪ್ರತಿ ಯಾವ ಬಂಡೆಯ ಮೇಲೂ ಇರುವುದಿಲ್ಲ.

ಬಸ್ಸು ಹತ್ತುವ ಮುಂಚೆ ಹುಡುಗಿ ಇನ್ನೊಂದು ಸಲ ಬೆಟ್ಟದ ಮೇಲೆ ದುರ್ಬೀನು ಹಿಡಿದು ನೋಡಿದಳು. ನಾವೆಲ್ಲರೂ ತಲೆಯೆತ್ತಿ ನೋಡಿದೆವು. ಆಕಾಶ ಖಾಲಿಯಾಗಿತ್ತು. ಆದರೂ ಹದಿನಾಲ್ಕು ಮಂದಿ ಒಟ್ಟಿಗೆ ಜಟಾಯುವಿಗಾಗಿ ತಲೆಯೆತ್ತಿ ನಿಂತ ಆ ನಿಮಿಷ, ಮೂವತ್ತೆರಡು ವರ್ಷಗಳಲ್ಲಿ ನಾನು ಹೇಳದೆ ಬಿಟ್ಟ ಪಾಠದ ಮೊದಲ ಸಾಲು ಎಂದು ನನಗೆ ತೋರಿತು.

(ಆಕಾಶವಾಣಿಯಲ್ಲಿ ಮಾಡಿದ ಭಾಷಣದ ಲೇಖನರೂಪ)